ಮರಳುಮನೆಯಿಂದ, ಹತ್ತು ವರ್ಷಗಳ ಮೇಲೆ

ಗದಗ
ಕ್ರಿ.ಶ. 2189, ಎರಡನೆಯ ಗಾಳಿದಿಂಗಳ ಹನ್ನೊಂದನೆಯ ದಿನ

ನನಗಿಂತ ನೂರರವತ್ತು ವರ್ಷ ಹಿಂದೆ ಇರುವ ಹಿರಿಯರಿಗೆ ಕಸ್ತೂರಿ ಹುಲಕೋಟಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಿಮಗೆ ನಗು ಬಂದರೆ ತಪ್ಪಿಲ್ಲ. ಈ ಕಾಗದ ನಿಮ್ಮ ಕೈಗೆ ಹೇಗೆ ಸೇರುತ್ತದೆ ಎಂಬುದು ನನಗೂ ತಿಳಿಯದು. ಬರೆಯುವುದಷ್ಟೇ ನನ್ನ ಪಾಲಿನ ಕೆಲಸ. ಭಾಷೆಯ ವಿಷಯಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಊರ ಗ್ರಂಥಾಲಯದಲ್ಲಿ ಉಳಿದಿರುವ ಹಳೆಯ ಹಾಳೆಗಳನ್ನು ಓದಿ ಕಲಿತವಳು. ನೀವು ಕೇಳಿರದ ಮಾತುಗಳು ನಡುನಡುವೆ ನುಸುಳುತ್ತವೆ, ಬಂದಾಗ ಅರ್ಥ ಹೇಳುತ್ತ ಹೋಗುತ್ತೇನೆ. ಗಾಳಿದಿಂಗಳು ಎಂದರೆ ಆಷಾಢದಿಂದ ಭಾದ್ರಪದದವರೆಗಿನ ಮೂರು ತಿಂಗಳು. ನಮ್ಮ ಗುಡ್ಡದ ಮೇಲೆ ಗಾಳಿ ಪೂರ್ತಿ ಬೀಸುವ ಕಾಲ ಅದು. ಊರಿಗೆ ವರ್ಷಕ್ಕಾಗುವಷ್ಟು ವಿದ್ಯುತ್ತನ್ನು ಆ ದಿನಗಳಲ್ಲೇ ಕೂಡಿಡುತ್ತೇವೆ, ಆದ್ದರಿಂದ ತಿಂಗಳಿಗೂ ಅದೇ ಹೆಸರು ಅಂಟಿಕೊಂಡಿದೆ.

ನಾನು ಕುಳಿತು ಬರೆಯುತ್ತಿರುವುದು ಮರಳುಮನೆಯಲ್ಲಿ. ಊರ ಹೊರಗಿನ ಹಳೆಯ ಹತ್ತಿ ಗಿರಣಿಯೊಂದರಲ್ಲಿ ಇದನ್ನು ನಡೆಸುತ್ತಾರೆ. ಕುಡಿತಕ್ಕೋ ಮದ್ದಿಗೋ ಮತ್ತೊಂದಕ್ಕೋ ಅಂಟಿಕೊಂಡು ದೂರ ಹೋದವರು ಮರಳಿ ಬರುವ ಮನೆ ಎಂಬರ್ಥದಲ್ಲಿ ಹಿರಿಯರು ಈ ಹೆಸರಿಟ್ಟರು. ಊರಿನ ಮಂದಿ ಮೊದಮೊದಲು ಒಂದು ಕೊಂಬು ಸೇರಿಸಿ ಮರುಳುಮನೆ ಎಂದು ನಗುತ್ತಿದ್ದರಂತೆ. ಈಗ ನಗುವವರು ಕಡಿಮೆ, ಏಕೆಂದರೆ ಪ್ರತಿ ಓಣಿಯಿಂದಲೂ ಒಬ್ಬರಾದರೂ ಇಲ್ಲಿಗೆ ಬಂದು ಹೋಗಿದ್ದಾರೆ. ಇಲ್ಲಿ ಹತ್ತು ವರ್ಷ ಮುಗಿಸಿದವರು ಮೇಲಿನ ಕೋಣೆಯಲ್ಲಿ ಒಂದು ಹಗಲು ಕುಳಿತು, ಯಾರಿಗಾದರೂ ಸರಿ, ಒಂದು ಕಾಗದ ಬರೆಯಬೇಕೆಂಬ ಪದ್ಧತಿಯಿದೆ. ಹೆಚ್ಚಿನವರು ತಮ್ಮ ಮಕ್ಕಳಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಹಳೆಯ ಹಾಳೆಗಳಲ್ಲಿ ನನ್ನಂಥವರ ಬಗ್ಗೆ ನೀವು ಆಡಿದ ಮಾತುಗಳನ್ನು ಓದಿದ್ದೇನೆ. ಮನಸ್ಸು ಮಾಡಿದ್ದರೆ ಬಿಡಬಹುದಿತ್ತು, ಕೈ ಮೀರಿ ಹೋದವಳು, ಮನೆತನಕ್ಕೆ ಕಪ್ಪು ಹಚ್ಚಿದವಳು. ಈ ಮಾತುಗಳು ನಮ್ಮಲ್ಲೂ ಸತ್ತಿಲ್ಲ, ದನಿ ಮಾತ್ರ ಇಳಿದಿದೆ. ನನಗೆ ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ, ನಿಮ್ಮ ಮನೆಯಲ್ಲಿ ಯಾರಿಗಾದರೂ ಉಪಯೋಗವಾದೀತು.

ನಾನು ಗಾಳಿಗಂಬ ಹತ್ತುವವಳಾಗಿದ್ದೆ. ನಿಮ್ಮ ಕಾಲದಲ್ಲೂ ಈ ಗುಡ್ಡಗಳ ಮೇಲೆ ಗಾಳಿಗಂಬಗಳಿದ್ದವೆಂದು ಬಲ್ಲೆ. ನಮ್ಮವು ಅವಕ್ಕಿಂತ ಎರಡರಷ್ಟು ಎತ್ತರ. ರೆಕ್ಕೆಯಲ್ಲಿ ಬಿರುಕು ಬಿಟ್ಟರೆ ತುಂಬಲು ಯಂತ್ರಗಳಿವೆ, ಆದರೆ ಯಂತ್ರ ಕೆಟ್ಟರೆ ಮನುಷ್ಯರೇ ಹತ್ತಬೇಕು, ಮತ್ತು ಯಂತ್ರ ಕೆಡುವುದು ಗಾಳಿ ಜೋರಿದ್ದಾಗಲೇ. ಹತ್ತುವವರು ಯಾವಾಗಲೂ ಇಬ್ಬರು. ಒಬ್ಬರು ರೆಕ್ಕೆಗೆ ಇಳಿದರೆ ಇನ್ನೊಬ್ಬರು ಮೇಲೆ ನಿಂತು ಹಗ್ಗ ಹಿಡಿಯುತ್ತಾರೆ. ಈ ಇಬ್ಬರಿಗೆ ಹಗ್ಗಜೋಡಿ ಎನ್ನುತ್ತೇವೆ. ಜೋಡಿಯಾದ ದಿನ ಎರಡೂ ಮನೆಯವರು ಕೂಡಿ ಊಟ ಮಾಡುತ್ತಾರೆ, ಬೀಗತನಕ್ಕಿಂತ ಕಡಿಮೆಯ ನಂಟಲ್ಲ ಅದು. ನನ್ನ ಜೋಡಿ ದಾವಲ್‌ಬಿ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಒಂದೇ ವರ್ಷ ಗುಡ್ಡಕ್ಕೆ ಬಂದವರು. ನನ್ನ ಗಂಡ ಮಹಾರುದ್ರ ನೀರಿನ ಪಾಳಿ ನೋಡಿಕೊಳ್ಳುವ ಕೆಲಸದಲ್ಲಿದ್ದ. ಯಾವ ಓಣಿಗೆ ಯಾವ ಹೊತ್ತಿಗೆ ನೀರು ಬಿಡಬೇಕೆಂದು ನೋಡುವ ಕೆಲಸ. ಮಗಳು ಮೇದಿನಿಗೆ ಆಗ ಒಂಬತ್ತು ವರ್ಷ. ಅತ್ತೆ ಶಂಕ್ರವ್ವ ನಮ್ಮ ಜೊತೆಗೇ ಇದ್ದರು. ಬಿಸಿಲಿನಿಂದ ಕಾಯುವ ಒಲೆ ಬಂದು ಎಷ್ಟೋ ಕಾಲವಾಗಿದ್ದರೂ ಅತ್ತೆ ಜೋಳದ ರೊಟ್ಟಿಯನ್ನು ಕೈಯಿಂದಲೇ ಬಡಿಯುತ್ತಿದ್ದರು. ಬೆಳಗ್ಗೆ ಆ ಬಡಿತ ಕೇಳಿಯೇ ನಾವೆಲ್ಲ ಏಳುತ್ತಿದ್ದುದು.

2176ರ ಗಾಳಿದಿಂಗಳಲ್ಲಿ ನಾನು ಬಿದ್ದೆ. ರೆಕ್ಕೆಯ ಮೇಲಿದ್ದಾಗ ಗಾಳಿ ದಿಕ್ಕು ಬದಲಿಸಿತು, ಆಸರೆಯ ತಂತಿ ಹರಿಯಿತು, ನಾಲ್ಕು ಆಳಿನಷ್ಟು ಕೆಳಗೆ ಜಾರಿ ಕಂಬಕ್ಕೆ ಬೆನ್ನು ಬಡಿದು ಹಗ್ಗದಲ್ಲಿ ನೇತಾಡಿದೆ. ದಾವಲ್‌ಬಿ ಒಬ್ಬಳೇ ನನ್ನನ್ನು ಇಳಿಸಿದಳು. ಬೆನ್ನಿನ ಎರಡು ಎಲುಬು ಮುರಿದಿದ್ದವು. ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿಕೊಂಡರು. ನೋವಿಗೆ ತಂಪುಪಟ್ಟಿ ಕೊಟ್ಟರು. ಇದು ಹೆಬ್ಬೆರಳಿನ ಉಗುರಿನಷ್ಟು ಅಗಲದ ತೆಳು ಪಟ್ಟಿ, ತೋಳಿನ ಒಳಬದಿಗೆ ಅಂಟಿಸಿದರೆ ಮೂರು ದಿನ ಸ್ವಲ್ಪಸ್ವಲ್ಪವಾಗಿ ಮದ್ದು ಒಳಗೆ ಬಿಡುತ್ತದೆ. ಹೊಸದಿದ್ದಾಗ ನಸುಹಳದಿ, ಮದ್ದು ತೀರಿದ ಮೇಲೆ ಬಿಳಿ. ಆರು ವಾರ ಹಚ್ಚಿಕೊಳ್ಳಿ, ಅಷ್ಟೇ, ಎಂದು ಡಾಕ್ಟರು ಹೇಳಿ ಕಳಿಸಿದರು. ಅವರ ತಪ್ಪೇನೂ ಇಲ್ಲ. ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನ್ನೊಳಗಿತ್ತು, ಅದನ್ನು ನಾನೇ ಯಾರಿಗೂ ಹೇಳಿರಲಿಲ್ಲ. ಬಿದ್ದ ಮೇಲೆ ನನಗೆ ಕಂಬ ನೋಡಲಾಗುತ್ತಿರಲಿಲ್ಲ. ಆಸ್ಪತ್ರೆಯ ಕಿಟಕಿಯಿಂದ ಗುಡ್ಡ ಕಂಡರೆ ಕೈ ಬೆವರುತ್ತಿತ್ತು, ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು. ಹನ್ನೆರಡು ವರ್ಷ ಕಂಬ ಹತ್ತಿದವಳು ಹೆದರಿದ್ದೇನೆ ಎಂದು ಯಾವ ಬಾಯಿಂದ ಹೇಳಲಿ. ತಂಪುಪಟ್ಟಿ ಹಚ್ಚಿಕೊಂಡ ಮೊದಲ ದಿನವೇ ಬೆನ್ನಿನ ನೋವಿನ ಜೊತೆ ಆ ಭಯವೂ ಹೋಯಿತು. ಕಿಟಕಿಯ ಪರದೆ ಸರಿಸಿ ಗುಡ್ಡವನ್ನೇ ನೋಡುತ್ತ ಕುಳಿತೆ, ಏನೂ ಆಗಲಿಲ್ಲ. ಆರು ವಾರದಲ್ಲಿ ಬೆನ್ನು ವಾಸಿಯಾಯಿತು. ಭಯ ವಾಸಿಯಾಗಿರಲಿಲ್ಲ, ಹಾಗಾಗಿ ಪಟ್ಟಿಯನ್ನು ಬಿಡಲಿಲ್ಲ.

ಮುಂದಿನದು ನಿಮ್ಮ ಕಾಲದವರಿಗೂ ಗೊತ್ತಿರುವ ದಾರಿಯೇ. ನೋವು ಇನ್ನೂ ಇದೆ ಎಂದು ಸುಳ್ಳು ಹೇಳಿದೆ. ಒಬ್ಬ ಡಾಕ್ಟರು ಅನುಮಾನಪಟ್ಟರೆ ಬೇರೆ ಊರಿನ ಆಸ್ಪತ್ರೆಗೆ ಹೋದೆ. ಮೂರು ದಿನದ ಪಟ್ಟಿ ಎರಡು ದಿನಕ್ಕೆ ಸಾಲದಾಯಿತು, ಆಮೇಲೆ ಒಂದಕ್ಕೆ ಎರಡು ಬೇಕಾದವು. ಕೆಲಸಕ್ಕೆ ಹೋಗುತ್ತಿದ್ದೆ, ಅಡುಗೆ ಮಾಡುತ್ತಿದ್ದೆ, ಮೇದಿನಿಯ ಜಡೆ ಹಾಕುತ್ತಿದ್ದೆ. ಹೊರಗಿನಿಂದ ನೋಡಿದವರಿಗೆ ಏನೂ ಕಾಣುತ್ತಿರಲಿಲ್ಲ. ಒಳಗೆ ಮಾತ್ರ ಎಲ್ಲದರ ಮೇಲೆ ಒಂದು ತೆಳುವಾದ ಹತ್ತಿ ಹಾಸಿದ ಹಾಗಿತ್ತು. ನಗು ಕೇಳುತ್ತಿತ್ತು, ನಗು ಬರುತ್ತಿರಲಿಲ್ಲ. ಮಹಾರುದ್ರ ಎರಡು ಸಲ ಕೇಳಿದ, ಮೂರನೆಯ ಸಲ ಕೇಳುವುದನ್ನು ಬಿಟ್ಟ.

ಈಗ ಹೇಳಬೇಕಾದದ್ದನ್ನು ಹತ್ತು ವರ್ಷದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಬರೆಯುವುದು ಮಾತ್ರ ಇದೇ ಮೊದಲು. ಅತ್ತೆಗೆ ಮೊಣಕಾಲಿನ ಸವೆತಕ್ಕೆ ಅದೇ ತಂಪುಪಟ್ಟಿ ಕೊಟ್ಟಿದ್ದರು. ಅಂಟಿಸುವ ಕೆಲಸ ನನ್ನದಾಗಿತ್ತು. ಹೊರಗೆ ಎಲ್ಲೂ ಪಟ್ಟಿ ಸಿಗದ ಒಂದು ವಾರ, ಅವರ ಡಬ್ಬಿಯಿಂದ ಹೊಸದನ್ನು ನಾನು ತೆಗೆದುಕೊಂಡೆ, ಮದ್ದು ತೀರಿದ ಬಿಳಿ ಪಟ್ಟಿಗೆ ಅರಿಸಿನ ಸವರಿ ಹಳದಿ ಮಾಡಿ ಅವರ ತೋಳಿಗೆ ಅಂಟಿಸಿದೆ. ಅದು ಒಂದು ಸಲಕ್ಕೆ ಮುಗಿಯಲಿಲ್ಲ, ನಾಲ್ಕು ತಿಂಗಳು ನಡೆಯಿತು. ಅತ್ತೆ ರೊಟ್ಟಿ ಬಡಿಯಲು ನೆಲಕ್ಕೆ ಕೂರುವಾಗ ಗೋಡೆ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಬಡಿಯುವುದನ್ನೇ ನಿಲ್ಲಿಸಿದರು. ವಯಸ್ಸಾಯ್ತವ್ವ, ಮದ್ದು ನಾಟವಲ್ದು ಎನ್ನುತ್ತಿದ್ದರು. ನಾನು ಕೇಳಿಸಿಕೊಂಡು ಅವರ ತೋಳಿಗೆ ಮತ್ತೊಂದು ಅರಿಸಿನದ ಪಟ್ಟಿ ಒತ್ತುತ್ತಿದ್ದೆ. ನಾನು ಕೆಟ್ಟವಳೆಂದು ನೀವು ಹೇಳಿದರೆ ವಾದಿಸುವುದಿಲ್ಲ. ಆದರೆ ನನಗೆ ಅತ್ತೆಯ ಮೇಲೆ ಪ್ರೀತಿಯಿತ್ತು, ಆ ದಿನಗಳಲ್ಲೂ ಇತ್ತು. ಪ್ರೀತಿ ಇದ್ದವರ ಕೈಯಲ್ಲೇ ಇದನ್ನು ಮಾಡಿಸುವಷ್ಟು ಬಲ ಈ ರೋಗಕ್ಕಿದೆ, ಅದಕ್ಕೇ ಅದನ್ನು ರೋಗ ಎನ್ನುತ್ತೇವೆ.

2179ರ ಮೊದಲ ಗಾಳಿದಿಂಗಳಲ್ಲಿ ಒಂದು ಮಧ್ಯಾಹ್ನ ದಾವಲ್‌ಬಿ ರೆಕ್ಕೆಗೆ ಇಳಿದಿದ್ದಳು, ಹಗ್ಗ ನನ್ನ ಕೈಯಲ್ಲಿತ್ತು. ಎರಡು ಕೊಂಡಿಗಳನ್ನು ಹಾಕಬೇಕು. ಒಂದನ್ನು ಹಾಕಿದ್ದೆ. ಇನ್ನೊಂದನ್ನು ಹಾಕಿದ್ದೇನೆಂದು ತಿಳಿದಿದ್ದೆ. ಅವಳು ಮೈ ತೂಗಿದಾಗ ಹಗ್ಗ ನನ್ನ ಕೈಯೊಳಗಿಂದ ಜಾರಿ ಹೋಯಿತು, ನಾನು ಅದನ್ನು ನೋಡುತ್ತ ನಿಂತೆ. ನೋಡುತ್ತ ನಿಂತೆ ಎಂಬುದೇ ಸರಿಯಾದ ಮಾತು, ಏಕೆಂದರೆ ಆ ಹೊತ್ತಿಗೂ ನನಗೆ ಗಾಬರಿಯಾಗಲಿಲ್ಲ. ಮೂರು ಮಾರು ಜಾರಿದ ಮೇಲೆ ಕಂಬಕ್ಕೇ ಇರುವ ತಡೆಗೊಂಡಿ ಅವಳನ್ನು ಹಿಡಿಯಿತು. ಅವಳು ಮೇಲೆ ಬಂದಳು. ಇಬ್ಬರೂ ಇಳಿದೆವು. ಕೆಳಗೆ ಬಂದು ಅವಳು ಕೈಗವಸು ತೆಗೆದಳು, ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಪಾಪೆ ನೋಡಿದಳು. ತಂಪುಪಟ್ಟಿ ಹಚ್ಚಿದವರ ಪಾಪೆ ಸಾಸಿವೆಯಷ್ಟಾಗಿರುತ್ತದೆ.

"ಎಷ್ಟು ದಿನದಿಂದ?" ಎಂದಳು.

"ಏನು ಎಷ್ಟು ದಿನದಿಂದ?" ಎಂದೆ.

"ಕಸ್ತೂರಿ, ನಾ ನಿನ್ನ ಕೂಡ ಜಗಳ ಮಾಡಾಕ ಬಂದಿಲ್ಲ. ಇವತ್ತ ಸಂಜಿಕ ಮ್ಯಾಲಿನವರಿಗೆ ಹೇಳ್ತೀನಿ. ಅವರಿಗೆ ಹೇಳೂಕಿಂತ ಮೊದಲ ನಿನಗ ಹೇಳಾಕತ್ತೀನಿ, ಅಷ್ಟ."

"ನನ್ನ ಕೆಲಸ ಹೋಗತೈತಿ."

"ಹೋಗಂಗಿಲ್ಲ. ಮೂರು ದಿನದಾಗ ಮರಳುಮನಿಗೆ ಹೋದ್ರ ಯಾರ ಕೆಲಸಾನೂ ಹೋಗಂಗಿಲ್ಲ, ನಿನಗೂ ಗೊತ್ತೈತಿ. ಬೇಕಂದ್ರ ಮುಂದೂ ನಿನ್ನ ಹಗ್ಗ ನಾ ಹಿಡಿತೀನಿ. ಆದ್ರ ನನ್ನ ಹಗ್ಗ ನೀ ಹಿಡಿಯೂದು ಬ್ಯಾಡ."

ಅವಳ ದನಿ ಏರಿರಲಿಲ್ಲ. ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಹೇಳಿದಂತೆ ಕೆಲಸ ಕಾಯ್ದಿಡುವ ನಿಯಮ ನಮ್ಮಲ್ಲಿದೆ. ಕಾಯಿಲೆ ಬಿದ್ದವರ ಕೆಲಸ ಹೇಗೆ ಕಾಯುತ್ತೇವೆಯೋ ಹಾಗೇ ಇದನ್ನೂ ಕಾಯುತ್ತೇವೆ. ಎರಡನೆಯ ದಿನ ಮಹಾರುದ್ರನಿಗೆ ಹೇಳಿದೆ, ಪಟ್ಟಿಯ ವಿಷಯ ಮಾತ್ರ, ಅತ್ತೆಯದನ್ನು ಹೇಳಲಿಲ್ಲ. ಅವನು ನೀರಿನ ಪಾಳಿಯ ಹಲಗೆಯಲ್ಲಿ ಮರುದಿನದ ಸಾಲಿನಿಂದ ತನ್ನ ಹೆಸರು ಅಳಿಸಿದ. ಮೂರನೆಯ ದಿನ ಬೆಳಗ್ಗೆ ಇಬ್ಬರೂ ಈ ಗಿರಣಿಗೆ ನಡೆದುಕೊಂಡು ಬಂದೆವು.

ಮರಳುಮನೆಯಲ್ಲಿ ಕಟ್ಟಿಹಾಕುತ್ತಾರೆ, ಕೋಣೆಗೆ ಬೀಗ ಹಾಕುತ್ತಾರೆ ಎಂದು ತಿಳಿದಿದ್ದೆ. ಬಾಗಿಲುಗಳಿಗೆ ಚಿಲಕ ಒಳಗಿನಿಂದ ಮಾತ್ರ ಇತ್ತು. ಡಾಕ್ಟರ್ ಕುಮುದಾ ಎಂಬುವರು ನನ್ನನ್ನು ಕೂರಿಸಿಕೊಂಡು ಸಾವಕಾಶವಾಗಿ ಹೇಳಿದರು. "ಒಮ್ಮಿಗೇ ಬಿಡಸಂಗಿಲ್ರಿ. ನಿಮ್ಮ ಮೆದುಳು ತಾನ ಮಾಡಿಕೊಳ್ಳತಿದ್ದ ಸಮಾಧಾನನ ಮಾಡಿಕೊಳ್ಳೂದು ಮರತೈತಿ. ಪಟ್ಟಿ ಮಾಡ್ತೈತಲ್ಲ, ನಾ ಯಾಕ ಮಾಡ್ಲಿ ಅಂತ ಸುಮ್ನಾಗೈತಿ. ಅದಕ್ಕ ತಿರುಗಿ ಕಲಿಯಾಕ ಟೈಮ್ ಕೊಡೂಣು." ಬೇರೊಂದು ಮದ್ದನ್ನು ಅಳತೆಯಲ್ಲಿ ಕೊಟ್ಟು, ವಾರವಾರವೂ ಇಳಿಸುತ್ತ ಬಂದರು. ಆದರೂ ಮೊದಲ ಹತ್ತು ದಿನ ಮೂಗು ಸುರಿಯಿತು, ಕಾಲು ತಾನಾಗಿ ಒದೆಯಿತು, ಎಷ್ಟು ಹೊದ್ದರೂ ಎಲುಬಿನೊಳಗೆ ಚಳಿ ಕೂತಿತು. ಎಲ್ಲಕ್ಕಿಂತ ಕಷ್ಟವಾದದ್ದು, ಹತ್ತಿ ಹಾಸಿದ್ದ ಜಾಗದಲ್ಲೆಲ್ಲ ಮತ್ತೆ ಸ್ಪರ್ಶ ಬಂದದ್ದು. ಕಾರಣವಿಲ್ಲದೆ ಅಳುತ್ತಿದ್ದೆ, ಚಮಚ ಬಿದ್ದ ಸದ್ದಿಗೆ ಬೆಚ್ಚುತ್ತಿದ್ದೆ. ಸತ್ತರೆ ಚೆನ್ನಾಗಿತ್ತು ಎನ್ನಿಸುತ್ತಿದೆ ಎಂದು ಒಂದು ದಿನ ಡಾಕ್ಟರಿಗೆ ಹೇಳಿದೆ. ಅವರು ಮುಖ ಗಂಟಿಕ್ಕಲಿಲ್ಲ, ಬೋಧನೆ ಮಾಡಲಿಲ್ಲ. "ಹೇಳಿದ್ದು ಭಾಳ ಚಲೋ ಆತ್ರಿ" ಎಂದು ಅಂದಿನಿಂದ ಎರಡು ವಾರ ನನ್ನ ಪಕ್ಕದಲ್ಲಿ ಯಾವಾಗಲೂ ಒಬ್ಬರು ಇರುವಂತೆ ನೋಡಿಕೊಂಡರು, ಮನಸ್ಸಿನ ಕುಸಿತಕ್ಕೆ ಬೇರೆ ಮದ್ದು ಶುರು ಮಾಡಿದರು.

ಇಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಜೊತೆನಡೆಯನ್ನು ಕೊಡುತ್ತಾರೆ. ಅದೇ ದಾರಿಯಲ್ಲಿ ಮೊದಲು ಹೋಗಿ ಮರಳಿ ಬಂದವರಿಗೆ ಈ ಹೆಸರು. ನನ್ನ ಜೊತೆನಡೆ ಬೆಟಗೇರಿಯ ತಿಪ್ಪಣ್ಣ ಕಾಕಾ. ನೇಯ್ಗೆಯವರು, ಇಪ್ಪತ್ತೆರಡು ವರ್ಷ ಕುಡಿದವರು. ಕೈನಡುಕ ಪೂರ್ತಿ ಹೋಗಿರಲಿಲ್ಲ, ಮಗ್ಗದ ಸೂಕ್ಷ್ಮ ಕೆಲಸಕ್ಕೆ ಆಗುತ್ತಿರಲಿಲ್ಲ, ಹಾಗಾಗಿ ಗಿರಣಿಯ ಹಿಂದಿನ ಅಂಗಳದಲ್ಲಿ ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದರು. ನನ್ನನ್ನೂ ಎದುರಿಗೆ ಕೂರಿಸಿ ಸೂಜಿ ಕೊಟ್ಟರು. ನನಗೆ ಹೊಲಿಗೆ ಬರುವುದಿಲ್ಲ ಎಂದೆ. "ನಡಗೂ ಕೈಯಿಂದ ನಾ ಹೊಲಿಯಾಕತ್ತೀನಿ, ನಿನ್ನದೇನ ಹೆಚ್ಚಿಂದು" ಎಂದರು. ಎಲ್ಲರೂ ನನ್ನನ್ನು ಪಟ್ಟಿ ಯಾಕೆ ಹಚ್ಚಿಕೊಂಡೆ ಎಂದು ಕೇಳಿದ್ದರು. ಕಾಕಾ ಹಾಗೆ ಕೇಳಲಿಲ್ಲ. ನಾಲ್ಕನೆಯ ದಿನ, ಸೂಜಿಗೆ ದಾರ ಪೋಣಿಸುತ್ತ ಕೇಳಿದರು: "ಪಟ್ಟಿ ಹಚ್ಚಿಕೊಂಡಾಗ ನಿನಗ ಏನು ಕಾಣತಿದ್ದಿಲ್ಲ?"

ನಾನು ಕೌದಿಗೆ ಇನ್ನೊಂದು ಹೊಲಿಗೆ ಹಾಕಿದೆ. ಅವರೂ ಮತ್ತೆ ಕೇಳಲಿಲ್ಲ. ದಿನಾಲೂ ಹೊಲಿದೆವು. ಒಂಬತ್ತನೆಯ ದಿನ ಕೌದಿಯ ಮೂಲೆ ಮಡಚುತ್ತಿದ್ದಾಗ ನನ್ನ ಬಾಯಿಂದ ಹೊರಬಿತ್ತು: "ಕಂಬ."

"ಯಾವ ಕಂಬ?"

"ಗುಡ್ಡದ ಮ್ಯಾಲಿಂದು. ನಾ ಬಿದ್ದದ್ದು. ನನಗ ಅಂಜಿಕಿ ಆಗತೈತಿ ಕಾಕಾ. ನೋಡಿದ್ರ ಸಾಕು, ಉಸಿರ ಹೊಂಡಂಗಿಲ್ಲ."

"ಮೂರು ವರ್ಷ ಒಬ್ಬಾಕೀನ ಹೊತ್ತುಕೊಂಡು ಅಡ್ಡಾಡಿದೇನು ಇದನ್ನ" ಎಂದರು ಕಾಕಾ. ಸೂಜಿ ಕೆಳಗಿಟ್ಟು ನನ್ನ ಜೊತೆ ಕುಳಿತರು. ನಾನು ಅಂದು ಅತ್ತಷ್ಟು ಎಂದೂ ಅತ್ತವಳಲ್ಲ, ಆದರೆ ಹೆದರಿದ್ದೇನೆ ಎಂದು ಹೇಳಿದ ಮೇಲೂ ನಾನು ನಾನೇ ಆಗಿದ್ದೆ, ಯಾರೂ ಎದ್ದು ಹೋಗಲಿಲ್ಲ. ಮರುದಿನದಿಂದ ಡಾಕ್ಟರು ಪಟ್ಟಿಯ ಚಟದ ಜೊತೆ ಭಯಕ್ಕೂ ಚಿಕಿತ್ಸೆ ಶುರು ಮಾಡಿದರು. ಮೊದಲು ಗಿರಣಿಯ ಮಾಳಿಗೆಯಿಂದ ಗುಡ್ಡವನ್ನು ನೋಡುವುದು, ಹೆದರಿಕೆ ಏರಿ ತಾನಾಗಿ ಇಳಿಯುವವರೆಗೆ ನೋಡುತ್ತಲೇ ಇರುವುದು. ಎರಡು ವಾರದ ಮೇಲೆ ಗುಡ್ಡದ ಬುಡ. ತಿಂಗಳ ಮೇಲೆ ಕಂಬಕ್ಕೆ ಕೈ ಮುಟ್ಟಿಸುವುದು. ನಿಮ್ಮ ಕಾಲದಲ್ಲೂ ಇದನ್ನು ಬಲ್ಲ ವೈದ್ಯರಿದ್ದರೆಂದು ಓದಿದ್ದೇನೆ. ಅವರ ಹತ್ತಿರ ಹೋಗಲು ನಿಮಗೆ ನಾಚಿಕೆಯಾಗುತ್ತಿತ್ತೆಂದೂ ಓದಿದ್ದೇನೆ.

ನಾಲ್ಕು ತಿಂಗಳ ಮೇಲೆ ಮನೆಗೆ ಹೋದೆ. ವಾರಕ್ಕೆ ಮೂರು ದಿನ ಇಲ್ಲಿಗೆ ಬರುತ್ತಿದ್ದೆ. ಮೈ ತುಂಬಿಕೊಂಡಿತು, ಊಟ ರುಚಿಸತೊಡಗಿತು. ಏಳನೆಯ ತಿಂಗಳು ಮೇದಿನಿ ಜಿಲ್ಲೆಯ ಈಜುಗಾರರ ತಂಡಕ್ಕೆ ಆಯ್ಕೆಯಾದಳು. ಓಣಿಯವರೆಲ್ಲ ಬಂದು ಹರಸಿ ಹೋದರು. ಆ ಮಧ್ಯಾಹ್ನ ಒಳ್ಳೆಯ ಸೀರೆ ತೆಗೆಯಲೆಂದು ಕಪಾಟು ತೆರೆದೆ, ಗುಡ್ಡದ ಮೇಲೆ ಹಾಕುವ ನನ್ನ ದಪ್ಪ ಅಂಗಿಯ ಜೇಬಿನಲ್ಲಿ ಒಂದು ಹಳದಿ ಪಟ್ಟಿ ಉಳಿದಿತ್ತು. ದುಃಖದ ದಿನವಲ್ಲ ಅದು, ನನ್ನ ಜೀವನದ ಒಳ್ಳೆಯ ದಿನಗಳಲ್ಲೊಂದು. ಸಂತೋಷವನ್ನು ಹೇಗೆ ಹಿಡಿದಿಟ್ಟುಕೊಳ್ಳಬೇಕೆಂದು ಗೊತ್ತಾಗಲಿಲ್ಲ. ಹಚ್ಚಿಕೊಂಡೆ.

ಮರುದಿನ ಬೆಳಗ್ಗೆ ನಾನಾಗಿಯೇ ಗಿರಣಿಗೆ ಬಂದೆ. ನಾಲ್ಕು ಕಿಲೋಮೀಟರ್ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಕಾಕಾ ಊಟದ ಪಡಸಾಲೆಯಲ್ಲಿದ್ದರು. ನಾನು ತೋಳು ತೋರಿಸಿದೆ. ಅವರು ನೋಡಿದರು.

"ಬಂದ್ಯಲ್ಲ" ಎಂದರು. "ಕೈ ತೊಳಕೊಂಡು ಬಾ, ರೊಟ್ಟಿ ಆರತಾವ."

"ಏಳು ತಿಂಗಳು ಮಣ್ಣಾತು ಕಾಕಾ."

"ಯಾಕ ಮಣ್ಣಾಗತೈತಿ? ಏಳು ತಿಂಗಳು ನಿನ್ನವು. ಯಾರು ಕಸಗೊಳ್ಳತಾರ? ನಿನ್ನೆ ಒಂದು ದಿನ ಎಡವಿದಿ, ಇವತ್ತ ಎದ್ದು ಬಂದಿ. ನಾ ಎಡವಿದಾಗ ಏಳಾಕ ಒಂದೂವರಿ ವರ್ಷ ಹಿಡಿದಿತ್ತು."

ಆ ರೊಟ್ಟಿಯನ್ನು ತಿಂದೆ. ಹೊಟ್ಟೆ ತುಂಬಿದ ಮೇಲೆ ಡಾಕ್ಟರು ಬಂದರು, ಏನಾಯಿತು, ಯಾವ ಹೊತ್ತಿಗೆ, ಆಗ ಮನೆಯಲ್ಲಿ ಯಾರಿದ್ದರು ಎಂದು ಒಂದೊಂದೇ ಕೇಳಿ ಬರೆದುಕೊಂಡರು. ಮಹಾರುದ್ರನನ್ನು ಕರೆಸಿ, ಮನೆಯ ಪ್ರತಿ ಜೇಬು, ಪ್ರತಿ ಡಬ್ಬಿಯನ್ನು ಇಬ್ಬರೂ ಸೇರಿ ನೋಡಿ ಎಂದರು. ಅತ್ತೆಯ ಡಬ್ಬಿಯ ಮಾತನ್ನು ಅಂದಿಗೂ ಯಾರಿಗೂ ಹೇಳಿರಲಿಲ್ಲ. ಅದು ಒಳಗಿರುವವರೆಗೆ ನಾನು ಮತ್ತೆ ಎಡವುತ್ತೇನೆಂದು ಅಂದು ಖಚಿತವಾಯಿತು.

ಆ ವಾರವೇ ಅತ್ತೆಯನ್ನು ಇಲ್ಲಿಗೆ ಕರೆತಂದೆವು. ಮನೆಯವರು ಕೂಡಿ ಮಾತಾಡಲು ಒಂದು ಕೋಣೆಯಿದೆ, ಡಾಕ್ಟರು, ಕಾಕಾ ಇಬ್ಬರೂ ಇದ್ದರು. ನಾನು ಹೇಳಿದೆ. ಅರಿಸಿನ ಸವರಿದ್ದು, ನಾಲ್ಕು ತಿಂಗಳು, ಎಲ್ಲ. ಮಹಾರುದ್ರ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು.

"ನನಗ ಗೊತ್ತಿತ್ತವ್ವ" ಎಂದರು. "ಅರಿಸಿನದ ವಾಸನಿ ನನಗ ಗೊತ್ತಾಗಂಗಿಲ್ಲೇನ? ಅರವತ್ತು ವರ್ಷ ಒಲಿ ಮುಂದ ಕುಂತಾಕಿ ನಾ."

"ಮತ್ಯಾಕ ಹೇಳಲಿಲ್ಲ ಅತ್ತಿ?"

"ಹೇಳಿದ್ರ ಮಂದಿಗೆ ಗೊತ್ತಾಗತಿತ್ತು. ಶಂಕ್ರವ್ವನ ಸೊಸಿ ಹಿಂಗಂತ ಅನ್ನತಿದ್ರು. ನಿನ್ನ ಸಲುವಾಗಿ ಬಾಯಿ ಮುಚ್ಚಿಕೊಂಡೆ ಅಂತ ತಿಳಕೊಂಡಿದ್ದೆ. ಈಗ ಕುಂತು ವಿಚಾರ ಮಾಡಿದ್ರ, ನಿನ್ನ ಸಲುವಾಗಿ ಅಲ್ಲ. ನನ್ನ ಮರ್ಯಾದಿ ಸಲುವಾಗಿ. ನನ್ನ ಕಾಲು ಹೋದ್ರ ಹೋಗಲಿ ಅಂದೆ, ಅದರ ಕೂಡ ನೀನೂ ಹೊಂಟಿದ್ದಿ, ಅದು ತಿಳೀಲಿಲ್ಲ ನನಗ."

ಅವರು ಅಂದು ನನ್ನನ್ನು ಅಪ್ಪಿಕೊಳ್ಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಎರಡು ಮಾತು ಹೇಳಿದರು. ಇನ್ನು ಮುಂದೆ ಪಟ್ಟಿಯ ಡಬ್ಬಿ ಮಗನ ಹತ್ತಿರ ಇರಲಿ, ಅವನೇ ಅಂಟಿಸಲಿ. ಮತ್ತು ಮೇದಿನಿಗೆ ನಾನೇ, ನನ್ನ ಬಾಯಿಂದಲೇ ಎಲ್ಲವನ್ನೂ ಹೇಳಬೇಕು. ಎರಡಕ್ಕೂ ಒಪ್ಪಿದೆ. ಹನ್ನೆರಡು ವರ್ಷದ ಹುಡುಗಿಗೆ ತಿಳಿಯುವ ಮಾತಿನಲ್ಲಿ ಹೇಳಿ ಮುಗಿಸಿದಾಗ ಅವಳು ಕೂದಲು ಒರೆಸಿಕೊಳ್ಳುತ್ತ, "ಏನೋ ಆಗೈತಿ ಅಂತ ನನಗ ಗೊತ್ತಿತ್ತು. ನೀ ನಗೂ ಜಾಗಾದಾಗ ನಗತಿದ್ದಿಲ್ಲ" ಎಂದಳು. ಅತ್ತೆ ನನ್ನ ಕೈಯಿಂದ ನೀರು ಇಸಿದುಕೊಂಡು ಕುಡಿಯಲು ಮತ್ತೆ ಎಂಟು ತಿಂಗಳು ಹಿಡಿದವು. ಆಮೇಲೆ ಆರು ವರ್ಷ ಬದುಕಿದ್ದರು. ಕೊನೆಯ ದಿನಗಳಲ್ಲಿ ಪಟ್ಟಿ ಅಂಟಿಸಲು ಮಗನನ್ನು ಬಿಟ್ಟು ನನ್ನನ್ನೇ ಕರೆಯುತ್ತಿದ್ದರು.

ದಾವಲ್‌ಬಿಯ ಮಾತು ಹೇಳಬೇಕು. ಅವಳನ್ನು ನಾನು ಒಂದು ವರ್ಷ ದ್ವೇಷಿಸಿದೆ. ಜೋಡಿಯ ಬೆನ್ನಿಗೆ ಚೂರಿ ಹಾಕಿದಳು ಎಂದು ಕಂಡವರ ಹತ್ತಿರವೆಲ್ಲ ಹೇಳಿಕೊಂಡೆ. ಮೂರನೆಯ ವರ್ಷ ನಾನು ಕಂಬದ ಅರ್ಧದವರೆಗೆ ಹತ್ತಿ ಇಳಿದ ದಿನ ಅವಳು ಬುಡದಲ್ಲಿ ಹಗ್ಗ ಸುತ್ತುತ್ತಿದ್ದಳು. ಹೋಗಿ ಪಕ್ಕದಲ್ಲಿ ಕುಳಿತೆ. "ನಿನ್ನ ಮ್ಯಾಲೆ ಒಂದು ವರ್ಷ ಸಿಟ್ಟಿತ್ತು ನನಗ" ಎಂದೆ. "ನನಗ ಎರಡು ವರ್ಷ ಇತ್ತು" ಎಂದಳು. ಇಬ್ಬರಿಗೂ ನಗು ಬಂತು. ನಾವು ಮತ್ತೆ ಹಗ್ಗಜೋಡಿಯಾಗಲಿಲ್ಲ, ಅವಳಿಗೆ ಬೇರೆ ಜೋಡಿಯಿತ್ತು. ಆ ವರ್ಷದ ಕೊನೆಗೆ ನಾನು ತುದಿ ಮುಟ್ಟಿದೆ. ಅಲ್ಲಿ ನಿಂತಾಗ ಭಯ ಹೋಗಿತ್ತೇ ಎಂದು ಎಲ್ಲರೂ ಕೇಳುತ್ತಾರೆ. ಹೋಗಿರಲಿಲ್ಲ. ನನ್ನ ಜೊತೆಗೇ ಹತ್ತಿತ್ತು, ನನ್ನ ಜೊತೆಗೇ ಇಳಿಯಿತು, ಅಷ್ಟರಿಂದ ನನ್ನ ಕೆಲಸ ನಿಲ್ಲಲಿಲ್ಲ. ಇನ್ನೂ ನಾಲ್ಕು ವರ್ಷ ಹತ್ತಿದೆ. ಆಮೇಲೆ ತಿಪ್ಪಣ್ಣ ಕಾಕಾಗೆ ಕಣ್ಣು ಮಂಜಾದಾಗ, ನನ್ನಿಷ್ಟದಿಂದ ಗುಡ್ಡ ಬಿಟ್ಟು ಇಲ್ಲಿ ಜೊತೆನಡೆಯಾದೆ. ಕಾಕಾ ಹೋದ ವರ್ಷ ತೀರಿಕೊಂಡರು, ಹನಿ ಮುಟ್ಟದೆ ಇಪ್ಪತ್ತಾರು ವರ್ಷ ಬದುಕಿ.

ನಾವು ಎಲ್ಲವನ್ನೂ ಗೆದ್ದುಬಿಟ್ಟಿದ್ದೇವೆಂದು ನೀವು ತಿಳಿಯಬಾರದು. ಕುಡಿತ ನಮ್ಮಲ್ಲೂ ಇದೆ, ನಿಮಗೆ ಹೆಸರೇ ಗೊತ್ತಿಲ್ಲದ ಹತ್ತು ಚಟಗಳೂ ಇವೆ. ನಾನೂ ಸೇರಿ ಆ ವರ್ಷ ಬಂದ ಹದಿನಾಲ್ಕು ಜನರಲ್ಲಿ ಮೂವರು ಇಂದು ಇಲ್ಲ, ಅವರ ಹೆಸರನ್ನು ಕೆಳಗಿನ ಪಡಸಾಲೆಯ ಗೋಡೆಯ ಮೇಲೆ ಬರೆದಿದ್ದೇವೆ. ಹನ್ನೊಂದು ಜನ ಇದ್ದೇವೆ. ಒಬ್ಬ ಶಾಲೆ ನಡೆಸುತ್ತಾನೆ, ಒಬ್ಬಳು ಮೊನ್ನೆ ಅಜ್ಜಿಯಾದಳು. ನಮ್ಮಲ್ಲಿ ಹೊಸ ಮದ್ದುಗಳಿವೆ, ಆದರೆ ನನ್ನನ್ನು ಉಳಿಸಿದವುಗಳಲ್ಲಿ ಹೆಚ್ಚಿನವು ನಿಮ್ಮಲ್ಲೂ ಇವೆ. ಸುಳ್ಳು ಹೇಳದ ಒಬ್ಬ ಗೆಳತಿ, ಗದರದ ಒಬ್ಬ ಡಾಕ್ಟರು, ತಾನೂ ಬಿದ್ದೆದ್ದ ಒಬ್ಬ ಹಿರಿಯ. ಇವರು ಮುಂದೆ ಹುಟ್ಟಬೇಕಾದವರಲ್ಲ. ಆದ್ದರಿಂದ ನನ್ನ ಕೋರಿಕೆ ದೊಡ್ಡದೇನೂ ಅಲ್ಲ. ನಿಮ್ಮ ಮನೆಯಲ್ಲಿ ಹೀಗಾದವರಿದ್ದರೆ ಇಂದೇ ಒಬ್ಬ ವೈದ್ಯರಿಗೆ ಹೇಳಿ, ಮರ್ಯಾದೆಯ ಮಾತನ್ನು ಆಮೇಲೆ ನೋಡಿಕೊಳ್ಳಿ. ಅವರು ನಾಲ್ಕು ಸಲ ಎಡವಿದರೆ ಐದನೆಯ ಸಲವೂ ಊಟಕ್ಕೆ ಕರೆಯಿರಿ. ಮತ್ತು ಅದು ನೀವೇ ಆಗಿದ್ದರೆ, ನಿಮ್ಮಷ್ಟೇ ಕೆಳಗಿಳಿದ ಒಬ್ಬಳು ಈ ಕಾಗದ ಬರೆಯುವ ದಿನದವರೆಗೆ ಬದುಕಿದ್ದಾಳೆಂದು ತಿಳಿದಿರಲಿ.

ಇನ್ನೂ ಬರೆಯುವುದಿತ್ತು, ಆದರೆ ಮೇಲಿನ ಕೋಣೆಯಿಂದ ನನಗೆ ಗೇಟು ಕಾಣುತ್ತದೆ. ಬೆಳಗಿನಿಂದ ಅಲ್ಲಿ ಗಂಡಹೆಂಡತಿ ಇಬ್ಬರು ನಿಂತಿದ್ದರು. ಗಂಡ ಲಕ್ಕುಂಡಿಯ ಕಡೆಯ ಮಾಸ್ತರರಂತೆ, ಕುಡಿತವಂತೆ. ಅವರು ಈಗಷ್ಟೇ ತಲೆ ತಗ್ಗಿಸಿಕೊಂಡು ಒಳಗೆ ಬಂದರು, ನಮ್ಮವರು ಕರೆದು ಕೂರಿಸಿ ನೀರು ಕೊಟ್ಟರು. ಹೆಂಡತಿ ಮಾತ್ರ ಅವರ ಚೀಲವನ್ನು ಎದೆಗೆ ಅವಚಿಕೊಂಡು ಬಿಸಿಲಲ್ಲೇ ನಿಂತಿದ್ದಾಳೆ. ಒಳಗೆ ಬರಬಹುದೆಂದು ಅವಳಿಗೆ ಯಾರೂ ಹೇಳಿಲ್ಲ. ನಾನು ಇಳಿದು ಹೋಗುತ್ತೇನೆ, ಮೊದಲು ಅವಳ ಹತ್ತಿರ.

ನಿಮ್ಮ ಕಸ್ತೂರಿ